ಹರಾಜಿನ ನಡುವೆ ಒಬ್ಬ ಮೌನಿ

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ದೊಡ್ಡಪ್ಪನವರ ಟೊಮೆಟೊ ಜೊತೆ ಹೋದಾಗಲೆಲ್ಲ ನನ್ನ ಕಣ್ಣು ಒಬ್ಬ ವ್ಯಾಪಾರಿಯ ಮೇಲೆಯೇ ಇರುತ್ತದೆ. 15 ಕೆ.ಜಿ. ಬಾಕ್ಸ್‌ನಿಂದ ಒಂದು ಹಣ್ಣನ್ನೆತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಮೊದಲ ಕೂಗಿಗೇ ದರ ಏರಿಸಿ ಉಳಿದವರನ್ನು ಬೆಚ್ಚಿಬೀಳಿಸುವ ಅವರು, ಮರುದಿನ ಅಂಥದ್ದೇ ಮಾಲಿನ ಮುಂದೆ ತುಟಿ ಬಿಚ್ಚದೆ ನಿಂತು, ಹರಾಜು ಮುಗಿಯುವ ಹೊತ್ತಿಗೆ ಐದೇ ರೂಪಾಯಿ ಸೇರಿಸಿ ಕೊಂಡುಬಿಡುತ್ತಾರೆ. ಒಬ್ಬರ ಲಾಭವೇ ಮತ್ತೊಬ್ಬರ ನಷ್ಟವಾಗುವ ಇಬ್ಬರ ಆಟದಲ್ಲಿ ಎದುರಾಳಿಗೆ ಊಹೆ ಸಿಗದಂತೆ ನಡೆಗಳನ್ನು ಬೆರೆಸಿ ಆಡುವುದರ ಗಣಿತವನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲಿಯೇ ಪ್ರಮೇಯವಾಗಿ ಸಾಧಿಸಿದ್ದರು. ಈ ವ್ಯಾಪಾರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಾರರು.

ಆದರೆ ಈ ತಂತ್ರ ಹರಾಜಿನ ಎದುರಾಳಿಗಳ ಮೇಲಷ್ಟೇ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. 2023ರ ಜುಲೈನಲ್ಲಿ ಬಾಕ್ಸ್ ದರ 2,000 ರೂಪಾಯಿ ದಾಟಿದಾಗಲೂ ಆ ವ್ಯಾಪಾರಿ ಮಂಡಿಗೆ, ಅಂದರೆ ರೈತರ ಮಾಲನ್ನು ಹರಾಜು ಹಾಕಿಸುವ ಅಂಗಡಿಗೆ, ಹಣ ಕಟ್ಟುವ ದಿನವನ್ನು ತಪ್ಪಿಸಲಿಲ್ಲ. ರೈತರ ಬಾಕಿ ಕೊಡುವುದರಲ್ಲೂ ಕಣ್ಣಾಮುಚ್ಚಾಲೆ ಆಡಿದ ಇನ್ನೊಂದು ಮಂಡಿಯ ಮಾತೆತ್ತಿದರೆ ದೊಡ್ಡಪ್ಪ, “ರೇಟೇ ದಿನಕ್ಕೊಂದು ಥರ, ದುಡ್ಡು ಕೊಡೋನೂ ಹಂಗೇ ಆದ್ರೆ ಹೆಂಗಪ್ಪಾ?” ಎನ್ನುತ್ತಾರೆ. ಅಲ್ಲಿಗೆ ಅವರು ಈಗ ಮಾಲು ಹಾಕುವುದಿಲ್ಲ.