ಮುತ್ಯಾನ ಉದ್ರಿ ವಹಿ

ಕಲಬುರಗಿ
20 ಏಪ್ರಿಲ್ 2025, ಭಾನುವಾರ

"ಅಕ್ಕಾ, ಇದನ್ನ ಬಾಯಿಲೆ ಹೇಳಿದ್ರ ಮಂದಿ ಬಿದ್ದು ಬಿದ್ದು ನಗ್ತಾರ. ಬರದು ಕಳಿಸಿದ್ರ ಪೇಪರ್‌ನವ್ರು ಯಾಕ ಹಾಕಂಗಿಲ್ಲ?"

ಬಿಸಿಲೇರುವ ಮೊದಲೇ ಬಂದ ಪಕ್ಕದ ಓಣಿಯ ಹುಡುಗ, ಪ್ರಿಂಟ್ ಹಾಳೆಗಳನ್ನು ಮುಂದಿಟ್ಟು ಕೇಳಿದ. ಬ್ಯಾಂಕಿನಲ್ಲಿ ಕೆಲಸ, ಬರೆಯುವ ಹುಚ್ಚು ಬೇರೆ.

ಕತೆ ನಿಜಕ್ಕೂ ಚೆನ್ನಾಗಿದೆ. ಅವನ ಮುತ್ಯಾಗೆ, ಅಂದರೆ ಅಜ್ಜನಿಗೆ, ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಕಿರಾಣಿ ಅಂಗಡಿ. ಉದ್ರಿ ಲೆಕ್ಕವೆಲ್ಲ ಉರ್ದುವಿನಲ್ಲಿ. ಮುತ್ಯಾ ತೀರಿಕೊಂಡ ಮೇಲೆ ಆ ವಹಿ ಓದುವವರು ಮನೆಯಲ್ಲಿ ಯಾರೂ ಇಲ್ಲ. ಉರ್ದು ಬಲ್ಲ ಊರಿನ ಹಿರಿಯರೊಬ್ಬರನ್ನು ಕರೆಸಿದರು. ಅವರೂ ಸಾಲಗಾರರೇ! ಎಲ್ಲರ ಬಾಕಿ ಓದಿ, ತಮ್ಮ ಹೆಸರು ಬಂದಾಗ "ಇದು ತೀರ್ಯಾದ" ಅಂದು ಹಾಳೆ ತಿರುವಿದರಂತೆ.

ಹೇಳುವಾಗ ಹುಡುಗ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಳ್ಳುತ್ತಾನೆ, ಹಾಳೆ ತಿರುವುತ್ತಾನೆ, ಕೆಮ್ಮುತ್ತಾನೆ. ನಗು ಅಲ್ಲೇ ಇರೋದು. ಕಾಗದದ ಮೇಲೆ ಕನ್ನಡಕವೂ ಇಲ್ಲ, ಕೆಮ್ಮೂ ಇಲ್ಲ. ಬದಲಿಗೆ ಮೊದಲ ಒಂದೂವರೆ ಪುಟ ಮುತ್ಯಾ ಎಂಥ ದೇವರಂಥ ಮನುಷ್ಯ ಅಂತ. ಕೊನೆಗೆ ಅಕ್ಷರದ ಮಹತ್ವದ ಬಗ್ಗೆ ಉಪದೇಶ. ಎರಡನ್ನೂ ಹೊಡೆದುಹಾಕಿದೆ. ಮುಖ ಸಣ್ಣದಾಯಿತು, ಪಾಪ.

ಮೈಸೂರಿನವರು ಓದಿದರೆ ಮೊದಲು ಕೇಳೋದೇ ಇದು: ಕನ್ನಡದ ಮನೆಯ ಮನುಷ್ಯ ಉರ್ದುವಿನಲ್ಲಿ ಯಾಕೆ ಬರೆದ? ನಮಗೆ ಇದು ಗೊತ್ತಿರುವ ವಿಷಯ, ಹಾಗಾಗಿ ಬರೆಯುವಾಗ ಹಾರಿಬಿಡುತ್ತೇವೆ. ಇಲ್ಲಿ ಹೈದರಾಬಾದ್ ನಿಜಾಮರ ಆಳ್ವಿಕೆ ಇದ್ದಾಗ ಕಚೇರಿಯೂ ಉರ್ದು, ಶಾಲೆಯೂ ಹೆಚ್ಚಾಗಿ ಉರ್ದು. 1948ರ ಸೆಪ್ಟೆಂಬರ್‌ನಲ್ಲಿ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಆದರೆ ಮುತ್ಯಾನ ಕೈ ಬದಲಾಗಲಿಲ್ಲ. ವಹಿಯಲ್ಲಿ ಕೆಲವು ಮೊತ್ತಗಳು 'ಹಾಲಿ' ರೂಪಾಯಿಯಲ್ಲಿವೆ ಅಂತ ಅವರಪ್ಪ ಹೇಳುತ್ತಿದ್ದರಂತೆ. ಹೈದರಾಬಾದಿನ ಸ್ವಂತ ನಾಣ್ಯ ಅದು. ಏಳು ಹಾಲಿಗೆ ಆರು ಭಾರತದ ರೂಪಾಯಿ. 1959ರವರೆಗೂ ಅದಕ್ಕೆ ಬೆಲೆ ಇತ್ತು. ಇದನ್ನೆಲ್ಲ ಪಾಠದ ಹಾಗೆ ಬರೀಬೇಡ, ಆ ಹಿರಿಯರು ಓದುತ್ತಾ ಹೋದಂತೆ ಒಂದೊಂದೇ ಬರಲಿ ಅಂದೆ.

ಆಮೇಲೆ ಸುಮ್ನೆ ಕೇಳಿದೆ, "ಆ ವಹಿ ಈಗ ಎಲ್ಲದ?"

"ಮನ್ಯಾಗ, ಟ್ರಂಕ್‌ನ್ಯಾಗ."

ಕಲಬುರಗಿಯಲ್ಲಿ ಉರ್ದು ಓದುವವರಿಗೆ ಬರವಾ? ದರ್ಗಾ ಕಡೆ ಯಾವ ಅಂಗಡಿಯ ಮುಂದೆ ನಿಂತು ಕೇಳಿದರೂ ಐದು ನಿಮಿಷದಲ್ಲಿ ಓದಿ ಹೇಳುತ್ತಾರೆ. ಇಷ್ಟು ವರ್ಷ ಯಾಕೆ ಯಾರೂ ಓದಿಸಲಿಲ್ಲ?

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಪ್ಪ ಬ್ಯಾಡಂತಾನಕ್ಕಾ. 'ತೀರಿಲ್ಲ ಅಂತ ಬರದಿದ್ರ ಏನ್ ಮಾಡ್ತಿ? ಹೋಗಿ ಕೇಳ್ತೀಯೇನು?' ಅಂತಾನ."

ಪ್ರಬಂಧ ಇಲ್ಲಿಂದ ಶುರು ಮಾಡು ಅಂದೆ. ಸಾಲಗಾರ ಸುಳ್ಳು ಹೇಳಿದನಾ ಅನ್ನೋದು ಬರೀ ತಮಾಷೆ. ಓದಿಸಲು ಆಗುವುದಿದ್ದರೂ ಓದಿಸದೆ ಟ್ರಂಕಿಗೆ ಬೀಗ ಹಾಕಿದ ಮನೆ ಇದೆಯಲ್ಲ, ಬರೆಯಬೇಕಾದ್ದು ಅದನ್ನ. ಅವರಪ್ಪನಿಗೆ ಹಣ ಬೇಡವಿತ್ತಾ, ಜಗಳ ಬೇಡವಿತ್ತಾ, ಇಲ್ಲಾ ಆ ಹಿರಿಯರ ಮೇಲೆ ಗೌರವವಾ? ಅವನಿಗೇ ಗೊತ್ತಿಲ್ಲ. ಗೊತ್ತಿಲ್ಲದೆ ಬರೆದರೇ ಚೆನ್ನ, ಉತ್ತರ ಕೈಯಲ್ಲಿಟ್ಟುಕೊಂಡು ಬರೆದದ್ದು ಜಾಸ್ತಿ ದೂರ ಹೋಗುವುದಿಲ್ಲ.

ಹಾಗಾದರೆ ಮೊದಲು ಓದಿಸಲೋ ಬೇಡವೋ ಅಂತ ಕೇಳಿದ. ಬೇಡ ಅಂದೆ. ಪತ್ತೇದಾರಿ ಕೆಲಸ ಬೇಕಿದ್ದರೆ ಆಮೇಲೆ ಇದ್ದೇ ಇದೆ.

ಒಂದು ತೊಡಕು ಬಾಕಿ. ಆ ಹಿರಿಯರ ಮೊಮ್ಮಗ ಇವನದೇ ಬ್ರಾಂಚಿನಲ್ಲಿ ಕ್ಯಾಶಿಯರ್! ಹೆಸರು ಬದಲಿಸಿದರೆ ಸಾಲದು, ಊರೂ ಕಸುಬೂ ಬದಲಿಸು, "ಇದು ತೀರ್ಯಾದ" ಅನ್ನೋ ಮಾತು ಮಾತ್ರ ಹಾಗೇ ಇರಲಿ ಅಂದೆ. "ಅಷ್ಟರಿಂದಲೇ ಅಂವಗ ಗೊತ್ತಾಗ್ತದಕ್ಕಾ" ಅಂದ. ಹಾಗಿದ್ದರೆ ಪೇಪರ್‌ಗೆ ಕಳಿಸುವ ಮೊದಲು ಅವನಿಗೇ ಓದಲು ಕೊಡು ಅಂದೆ. ನಾಳೆ ಊಟದ ಹೊತ್ತಲ್ಲಿ ಕೇಳ್ತಾನಂತೆ.