ದ್ರಾಕ್ಷಿ ಸಾಲಿನಲ್ಲಿ ಮೈಲುತುತ್ತು

ಇಟಲಿಯ ಫ್ಲಾರೆನ್ಸಿನಿಂದ ಹೊರಟ ಬಸ್ಸು ಗ್ರೇವೆ ಎಂಬ ಊರು ದಾಟಿದ ಮೇಲೆ ಮತ್ತೆ ಗುಡ್ಡ ಹತ್ತಿತು. ತಿರುವಿನ ಮೇಲೆ ತಿರುವು, ನಮ್ಮ ದೇವಿಮನೆ ಘಟ್ಟದ ಹಾಗೆ. ಮೇ ತಿಂಗಳ ಮೊದಲ ವಾರ. ರಾತ್ರಿ ಮಳೆ ಬಂದು ನಿಂತಿತ್ತು. ಫ್ಲಾರೆನ್ಸಿನಲ್ಲಿ ಓದುವ ತಂಗಿ ಜೊತೆಗಿದ್ದಳು, ಮಾತಿಗೆ ಅವಳೇ ಆಧಾರ.

ಇಳಿದದ್ದು ಪಂತ್ಸಾನೊದಲ್ಲಿ. ಕಿಯಾಂತಿ ಕ್ಲಾಸಿಕೊ ಎಂಬ ಕೆಂಪು ವೈನಿನ ಸೀಮೆಯ ಊರು. 1716ರಲ್ಲೇ ಟಸ್ಕನಿಯ ದೊರೆ ಮೂರನೇ ಕೊಸಿಮೊ ಈ ಸೀಮೆಗೆ ಗಡಿ ಗುರುತಿಸಿದ್ದ. ಬಾಟಲಿಯ ಮೇಲೆ ಕಪ್ಪು ಹುಂಜದ ಗುರುತು ಇರುತ್ತದೆ. ಪಂತ್ಸಾನೊದ ಬೆಳೆಗಾರರು 1995ರಲ್ಲಿ ಸಂಘ ಕಟ್ಟಿಕೊಂಡರು. ಈಗ ಇಲ್ಲಿನ ಬಹುಪಾಲು ತೋಟಗಳು ಸಾವಯವ. ನನ್ನನ್ನು ಎಳೆದು ತಂದದ್ದು ಅದೇ. ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪ ಹತ್ತು ವರ್ಷದಿಂದ ರಾಸಾಯನಿಕ ಗೊಬ್ಬರ ಮುಟ್ಟಿಲ್ಲ.

ನಾವು ಹೋದ ದ್ರಾಕ್ಷಿ ತೋಟದ ಒಡತಿಗೆ ಅರವತ್ತು ದಾಟಿರಬೇಕು. ಬೂಟಿನ ತುಂಬ ಕೆಸರು. ನಮ್ಮನ್ನು ಮನೆಯೊಳಗೆ ಕರೆಯದೆ ನೇರ ಸಾಲುಗಳ ನಡುವೆ ಕರೆದುಕೊಂಡು ಹೋದರು. ನನಗೂ ಅದೇ ಬೇಕಿತ್ತು.

ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಸೊಂಟದೆತ್ತರ ಹಸಿರು. ಬಾಕಳೆ ಜಾತಿಯ ಸಣ್ಣ ಅವರೆ, ಅದರ ಜೊತೆ ಬಾರ್ಲಿ. ಶರತ್ಕಾಲದಲ್ಲಿ ಬಿತ್ತಿ ಈಗ ಅಲ್ಲೇ ಕತ್ತರಿಸಿ ಹಾಕುತ್ತಾರೆ. ಅವರು ಒಂದು ಗಿಡ ಕಿತ್ತು ಬೇರು ತೋರಿಸಿದರು. ಬೇರಿನ ತುಂಬ ಸಾಸಿವೆ ಕಾಳಿನಂಥ ಗಂಟು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ಗಾಳಿಯ ಸಾರಜನಕವನ್ನು ಮಣ್ಣಿಗೆ ಹಿಡಿದುಕೊಡುವುದು ಇದೇ. ಬೇರಿಗೆ ಅಂಟಿದ್ದ ಕಲ್ಲಿನ ಚೂರನ್ನು ನನ್ನ ಅಂಗೈಗೆ ಇಟ್ಟರು. ಹೆಬ್ಬೆರಳಿನಿಂದ ಒತ್ತಿದರೆ ಪದರ ಪದರವಾಗಿ ಬಿಟ್ಟುಕೊಂಡಿತು. ಗಲೆಸ್ತ್ರೊ ಅನ್ನುತ್ತಾರೆ ಅದಕ್ಕೆ. ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯುತ್ತದೆ.

ಬಳ್ಳಿ ಹಬ್ಬಿಸಿದ ತಂತಿಗೆ ಅಲ್ಲಲ್ಲಿ ಕಂದು ಬಣ್ಣದ ಸಣ್ಣ ಎಳೆ ಸುತ್ತಿದ್ದರು. ಅದರಿಂದ ಹೆಣ್ಣು ಪತಂಗದ ವಾಸನೆ ಹರಡುತ್ತದೆ. ಗಂಡಿಗೆ ದಿಕ್ಕು ತಪ್ಪುತ್ತದೆ. ಜೋಡಿ ಆಗದಿದ್ದರೆ ಮೊಟ್ಟೆಯೂ ಇಲ್ಲ, ಗೊಂಚಲು ಕೊರೆಯುವ ಹುಳವೂ ಇಲ್ಲ. ಎಷ್ಟು ಚಂದದ ಉಪಾಯ ಅಲ್ವಾ?

ಕೊಟ್ಟಿಗೆಯ ಪಕ್ಕ ನೀಲಿ ಕಲೆ ಹತ್ತಿದ ಡ್ರಮ್ಮು ಕಂಡು ನಿಂತುಬಿಟ್ಟೆ. ನಮ್ಮ ಮನೆಯ ಹಿತ್ತಿಲಲ್ಲೂ ಇಂಥದ್ದೇ ಒಂದಿದೆ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು! ಅದಕ್ಕೆ ಸುಣ್ಣ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಮೊದಲು ಹುಟ್ಟಿದ್ದೇ ದ್ರಾಕ್ಷಿಗೆ, 1885ರ ಹೊತ್ತಿಗೆ, ಫ್ರಾನ್ಸಿನ ಬೋರ್ಡೋದಲ್ಲಿ. ಮೈಸೂರು ಸೀಮೆಯ ಅಡಿಕೆಗೆ ಅದನ್ನು ಹಿಡಿಸಿದವರು ಆಗಿನ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ದ್ರಾಕ್ಷಿ ಬಳ್ಳಿಯ ಎಲೆಗೆ ಬರುವ ಬೂಜುರೋಗವೂ ನಮ್ಮ ಕೊಳೆರೋಗವೂ ಹತ್ತಿರದ ನೆಂಟರು. ಎರಡೂ ಹಬ್ಬುವುದು ಮಳೆಯ ತೇವದಲ್ಲಿ.

ಸಾವಯವದಲ್ಲೂ ತಾಮ್ರಕ್ಕೆ ಅವಕಾಶವಿದೆ, ಆದರೆ ಲೆಕ್ಕ ಇಡಬೇಕು. ಯುರೋಪಿನ ನಿಯಮದ ಪ್ರಕಾರ ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ. ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಎರೆಹುಳಕ್ಕೆ ಕೆಟ್ಟದ್ದು. ಒಡತಿ ಇದನ್ನು ಮುಚ್ಚಿಡಲಿಲ್ಲ. "ನನಗೆ ಬೇಜಾರಿನ ವಿಷಯ ಇದೊಂದೇ" ಎಂದರು. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಆ ಮಾತಿನಿಂದ. ಹೊಡೆದ ದಿನ, ಅಳತೆ, ಮಳೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮಾತಿನ ನಡುವೆ ಎರಡು ಸಲ ಪಶ್ಚಿಮದ ಮೋಡ ನೋಡಿದರು. ಆಷಾಢದಲ್ಲಿ ಅಪ್ಪ ನೋಡುವುದೂ ಹಾಗೆಯೇ.

ನೆಲಮಾಳಿಗೆಯಲ್ಲಿ ಆಳೆತ್ತರದ ಹಳೇ ಓಕ್ ಪೀಪಾಯಿಗಳು. ಹೊಸ ಸಣ್ಣ ಪೀಪಾಯಿ ಇಟ್ಟರೆ ವೈನಿಗೆ ಮರದ ವಾಸನೆ ಜಾಸ್ತಿ ಹತ್ತುತ್ತದೆ, ಇವರಿಗೆ ಅದು ಬೇಡ. ಹಿಂದೆ ಕಿಯಾಂತಿಗೆ ಬಿಳಿ ದ್ರಾಕ್ಷಿಯನ್ನೂ ಬೆರೆಸುತ್ತಿದ್ದರು. ಕ್ಲಾಸಿಕೊದಲ್ಲಿ 2006ರಿಂದ ಅದು ಪೂರ್ತಿ ನಿಂತಿತು. ಈಗ ಕನಿಷ್ಠ ನೂರಕ್ಕೆ 80 ಭಾಗ ಸಾಂಜೊವೇಸೆ ದ್ರಾಕ್ಷಿಯೇ ಇರಬೇಕು. ಲೋಟವನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತಿಳಿ. ಮೊದಲು ಹುಳಿ, ಮುರುಗಲಿನ ನೆನಪು ತರುವಂಥದ್ದು. ಆಮೇಲೆ ನೇರಳೆ ತಿಂದ ಹಾಗೆ ನಾಲಿಗೆ ಹಿಡಿಯುವ ಒಗರು. ಸುಮ್ನೆ ಕುಡಿದರೆ ಒರಟು ಅನ್ನಿಸಿತು. ಹಿತ್ತಿಲಿಂದ ಕಿತ್ತು ತಂದ ಹಸಿ ಬಾಕಳೆ ಕಾಳು, ಕುರಿ ಹಾಲಿನ ಪೆಕೊರಿನೊ ಚೀಸಿನ ತುಂಡು ಮುಂದಿಟ್ಟರು. ಅದರ ಜೊತೆ ಒಂದು ಗುಟುಕು ಕುಡಿದಾಗ ಚೀಸಿನ ಜಿಡ್ಡನ್ನು ಒಗರು ತೊಳೆದುಕೊಂಡು ಹೋಯಿತು. ಊಟದ ಜೊತೆಗೆಂದೇ ಮಾಡಿದ ವೈನು ಇದು.

ಸಂಜೆ ಬಸ್ಸಿಗೆ ಕಾಯುತ್ತ ಅಪ್ಪನಿಗೆ ಫೋನ್ ಮಾಡಿದೆ. ವೈನಿನ ಸುದ್ದಿ ಅವರಿಗೆ ಬೇಕಿರಲಿಲ್ಲ.

"ಮೈಲುತುತ್ತು ಎಕರೆಗೆ ಎಷ್ಟು ಬೀಳ್ತು ಹಂಗಾದ್ರೆ?"

ಮೈಲುತುತ್ತಿನಲ್ಲಿ ತಾಮ್ರ ಕಾಲು ಭಾಗ. ಲೆಕ್ಕ ಹಾಕಿ ವರ್ಷಕ್ಕೆ ಸುಮಾರು ಆರೂವರೆ ಕಿಲೋ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಸುಣ್ಣ ಎಂಥದ್ದು ಹಾಕ್ತಾರೆ, ಕೇಳಿದ್ಯಾ?"

ಕೇಳಿರಲಿಲ್ಲ. ನಾಳೆ ಅವರಿಗೆ ಫೋನ್ ಮಾಡಿ ಕೇಳು ಅಂತ ತಂಗಿಗೆ ಹೇಳಿದೆ.