ಇಷ್ಟು ಚಂದದ ಊರಲ್ಲಿ ಯಾಕೆ ಅಂತ ಕೇಳುವವರಿಗೆ

"ಆಂಟಿ, ಇಷ್ಟು ಚಂದದ ಊರು. ಇಲ್ಲಿನ ಹುಡುಗರು ಯಾಕೆ ಡ್ರಗ್ಸ್‌ಗೆ ಬೀಳ್ತಾರೆ?"

ಮಡಿಕೇರಿಯಿಂದ ಸ್ವಲ್ಪ ಆಚೆ ನಮ್ಮದೊಂದು ನಾಲ್ಕು ರೂಮಿನ ಹೋಮ್‌ಸ್ಟೇ ಇದೆ. ಪೇಪರಿನಲ್ಲಿ ಗಾಂಜಾ ಹಿಡಿದ ಸುದ್ದಿ ಬಂದ ವಾರ ಈ ಪ್ರಶ್ನೆ ತಪ್ಪುವುದಿಲ್ಲ. ಅಕ್ಕಿ ರೊಟ್ಟಿ ಬಡಿಸುವಾಗ ಕೇಳುತ್ತಾರೆ. ಬಿಲ್ಲು ಕೊಡುವಾಗ ಕೇಳುತ್ತಾರೆ. ಮದುವೆ ಮನೆಯಲ್ಲಿ ನೆಂಟರೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ.

ಮೊದಲು ಆ "ಚಂದದ ಊರು" ಅನ್ನುವ ಮಾತು ಬಿಡಿ. ಮಂಜು, ಹಸಿರು, ಜಲಪಾತ ಎಲ್ಲ ನಿಮಗೆ ಎರಡು ದಿನದ ಸಂತೋಷ. ಬೇಡ ಅನ್ನಲ್ಲ, ನನ್ನ ಹೊಟ್ಟೆಪಾಡೂ ಅದೇ. ಆದರೆ ಇಲ್ಲೇ ಹುಟ್ಟಿದ ಹುಡುಗನಿಗೆ ಅದು ಬಟ್ಟೆ ಒಣಗದ ನಾಲ್ಕು ತಿಂಗಳು. ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲದ ರಾತ್ರಿಗಳು. ಕಣ್ಣೆದುರು ಬೆಟ್ಟ ಇದ್ದರೆ ಮನಸ್ಸಿನ ಸಂಕಟ ಹೋಗುತ್ತದೆ ಅಂತ ನಿಮಗೆ ಯಾರು ಹೇಳಿದರು?

ನಮ್ಮೂರಿನವರು ಕೇಳುವ ರೀತಿ ಬೇರೆ. "ಎಲ್ಲಾ ಹೊರಗಿನಿಂದ ಬರೋದು ಅಲ್ವಾ?" ಅಂತಾರೆ. ಕೇರಳ ಗಡಿಯ ಕುಟ್ಟ, ಮಾಕುಟ್ಟದ ಕಡೆ ಕೈ ತೋರಿಸುತ್ತಾರೆ. ಬರುತ್ತಿರಬಹುದು. ಆದರೆ ಮಾಲು ಬರುವ ದಾರಿ ಬೇರೆ, ಹುಡುಗ ಅದಕ್ಕೆ ಕೈ ಚಾಚುವ ಕಾರಣ ಬೇರೆ. ಮೊದಲನೆಯದನ್ನು ಚೆಕ್‌ಪೋಸ್ಟಿನವರು ನೋಡಿಕೊಳ್ಳಲಿ. ಎರಡನೆಯದಕ್ಕೆ ನಾವೇ ಉತ್ತರ ಹೇಳಬೇಕು.

ಒಂದು ಡಿಸೆಂಬರ್ ರಾತ್ರಿಯ ವಿಷಯ ಹೇಳುತ್ತೇನೆ. 2021 ರ ಕೊನೆಯ ವಾರ. ಲಾಕ್‌ಡೌನ್ ಮುಗಿದು ಜನ ಒಮ್ಮೆಲೇ ನುಗ್ಗಿದ್ದರು. ನನ್ನ ಅಣ್ಣನ ಮಗ ಆಗ ನಮ್ಮಲ್ಲೇ ಕೆಲಸಕ್ಕಿದ್ದ. ಹದಿನೆಂಟು ವರ್ಷ. ಕ್ಯಾಂಪ್‌ಫೈರ್‌ಗೆ ಸೌದೆ ಹಾಕುವುದು, ತಿಂಡಿ ತಟ್ಟೆ ಒಯ್ಯುವುದು ಅವನ ಕೆಲಸ. ಬೆಂಗಳೂರಿನಿಂದ ಬಂದ ಆರು ಜನರಲ್ಲಿ ಒಬ್ಬರು ಅವನನ್ನು ಪಕ್ಕಕ್ಕೆ ಕರೆದು, "ಬ್ರೋ, ಸೊಪ್ಪು ಸಿಗುತ್ತಾ?" ಅಂತ ಕೇಳಿದರಂತೆ. ಸೊಪ್ಪು ಅಂದರೆ ಗಾಂಜಾ. ಇವನು ಗೊತ್ತಿಲ್ಲ ಅಂದ. ಅವರು ಐನೂರರ ನೋಟು ಕೈಗಿಟ್ಟು, "ಯಾರಿಗಾದರೂ ಗೊತ್ತಿರುತ್ತಲ್ವಾ, ಕೇಳಿ ನೋಡು" ಅಂದರು. ಇವನು ಜೀಪ್ ಸ್ಟ್ಯಾಂಡಿನಲ್ಲಿ ಕೇಳಿದ. ಸಿಕ್ಕಿತು. ತಂದುಕೊಟ್ಟಿದ್ದಕ್ಕೆ ಇನ್ನಷ್ಟು ದುಡ್ಡು ಸಿಕ್ಕಿತು. "ನೀನೂ ಒಂದು ಎಳಿ" ಅಂದರು. ಎಳೆದ.

ಮರುದಿನ ಬೆಳಿಗ್ಗೆ ಅದೇ ಮನುಷ್ಯ ನನ್ನ ಟೇಬಲ್ಲಿನಲ್ಲಿ ಕೂತು ಈ ಪ್ರಶ್ನೆ ಕೇಳಿದ್ದರು. ಇಷ್ಟು ಚಂದದ ಊರಲ್ಲಿ ಯಾಕೆ ಅಂತ. ನಾನು ಕಾಫಿ ಬಗ್ಗಿಸುತ್ತಾ ನಿಧಾನವಾಗಿ ಏನೇನೋ ವಿವರಿಸಿದ್ದೆ. ರಾತ್ರಿ ನಡೆದದ್ದು ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಹುಡುಗ ಚಿಕಿತ್ಸೆಯಲ್ಲಿದ್ದಾಗ. ಆ ಬೆಳಗನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಾಗಂತ ಎಲ್ಲಾ ಟೂರಿಸ್ಟರ ತಪ್ಪು ಅಂತ ಮುಗಿಸಿದರೆ ಅದು ಸುಳ್ಳಾಗುತ್ತದೆ. ಆ ಹುಡುಗ ಅಲ್ಲಿಗೆ ಬಂದು ನಿಂತಿದ್ದು ಹೇಗೆ? 2018 ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಅಣ್ಣನ ತೋಟದ ಅರ್ಧ ಹೋಯಿತು. ಅವನಿಗೆ ಆಗ ಹದಿನೈದು. ಮುಂದಿನ ವರ್ಷ ಮತ್ತೆ ಮಳೆ, ಮತ್ತೆ ಭಯ. 2020 ರಲ್ಲಿ ಕೊರೊನಾ. ಪಿಯುಸಿ ಅರ್ಧಕ್ಕೆ ನಿಂತಿತು. ಜೋರು ಮಳೆ ಬಂದರೆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಆ ಮೂರು ವರ್ಷದಲ್ಲಿ ನಾವೆಲ್ಲ ತೋಟದ ಬಗ್ಗೆ ಮಾತಾಡಿದೆವು, ಪರಿಹಾರದ ಬಗ್ಗೆ ಮಾತಾಡಿದೆವು. ನಿನಗೆ ಹೇಗಿದೆ ಮಗಾ ಅಂತ ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಈ ಕೆಲಸದ ಸ್ವಭಾವ ನೋಡಿ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಸೋಮವಾರ ಊರೇ ಖಾಲಿ. ವಾರದ ಕೊನೆಯೆಲ್ಲ ಹುಡುಗ ಬೇರೆಯವರ ರಜೆ ನೋಡುತ್ತಾನೆ, ಅವನಿಗೆ ರಜೆ ಅಂತ ಇಲ್ಲ. ತನ್ನದೇ ವಯಸ್ಸಿನವರು ಒಂದು ರಾತ್ರಿಗೆ ಖರ್ಚು ಮಾಡುವುದು ಅವನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಅವರ ಪಕ್ಕ ಕೂತು ಅದೇ ಹೊಗೆ ಎಳೆದಾಗ ಹತ್ತು ನಿಮಿಷ ಅವನೂ ಅವರಲ್ಲೊಬ್ಬ. "ಅತ್ತೆ, ಗಾಂಜಾಗಿಂತ ಮೊದಲು ಅದು ಹಿಡಿಸಿತು" ಅಂತ ಅವನೇ ನನಗೆ ಹೇಳಿದ. (ಇದನ್ನೆಲ್ಲ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಕುಡಿತದ ಮಾತು ಬಿಟ್ಟರೆ ನನ್ನ ಉತ್ತರ ಪ್ರಾಮಾಣಿಕ ಅಲ್ಲ. ನಮ್ಮಲ್ಲಿ ಮದುವೆಯಿರಲಿ, ಹಬ್ಬವಿರಲಿ, ಬಾಟಲಿ ಇರುತ್ತದೆ. ಅದನ್ನು ನಾವು ಚಟ ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತೇವೆ. ಕೇಂದ್ರ ಸರ್ಕಾರ 2019 ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ದೇಶದಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ, ಗಾಂಜಾ, ಭಂಗಿ, ಚರಸ್ ಬಳಸುವವರು ಸುಮಾರು 3 ಕೋಟಿ ಅಂತಿದೆ. ಮನೆಯಲ್ಲಿ ದೊಡ್ಡವರು ಸಂಕಟ ಬಂದಾಗಲೆಲ್ಲ ಗ್ಲಾಸ್ ಹಿಡಿಯುವುದನ್ನು ನೋಡಿ ಬೆಳೆದ ಹುಡುಗ, ಸಂಕಟಕ್ಕೆ ಅಮಲೇ ಮದ್ದು ಅನ್ನುವುದನ್ನು ಅಲ್ಲೇ ಕಲಿತಿರುತ್ತಾನೆ.

ಅದರ ಮೇಲೆ ವಯಸ್ಸು. ಮಿದುಳು ಪೂರ್ತಿ ಬಲಿಯುವ ಹೊತ್ತಿಗೆ 25 ದಾಟುತ್ತದೆ ಅಂತ ಡಾಕ್ಟರ್ ವಿವರಿಸಿದರು. ಗಾಂಜಾ ಸೇದುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಚಟವಾಗುತ್ತದೆ. ಹದಿಹರೆಯದಲ್ಲಿ ಶುರುವಾದರೆ ಆರರಲ್ಲಿ ಒಬ್ಬರಿಗೆ. ನಮ್ಮ ಹುಡುಗ ಅಲ್ಲಿಗೇ ನಿಲ್ಲಲಿಲ್ಲ. ಗೆಸ್ಟ್‌ಗಳು ತಂದ ಎಂಡಿಎಂಎ ಅನ್ನುವ ಅಮಲಿನ ಪೌಡರ್ ರುಚಿ ನೋಡಿದ. ಮನಸ್ಸಿನ ಸ್ಥಿತಿಯನ್ನು ಹಿಡಿದಿಡುವ ಸೆರೊಟೊನಿನ್ ಅನ್ನುವ ರಾಸಾಯನಿಕವನ್ನು ಅದು ಮಿದುಳಿನಲ್ಲಿ ಒಮ್ಮೆಲೇ ತುಂಬಾ ಹೊರಬಿಡಿಸುತ್ತದೆ. ಆಮೇಲೆ ಎರಡು ಮೂರು ದಿನ ಮನಸ್ಸು ಪಾತಾಳಕ್ಕೆ. ಶನಿವಾರ ತೆಗೆದುಕೊಂಡರೆ ಮಂಗಳವಾರ ಕತ್ತಲು. ಊರೂ ಖಾಲಿ, ತಲೆಯೂ ಖಾಲಿ. ಹಾಗಾಗಿ ಮತ್ತೆ ಶನಿವಾರಕ್ಕೆ ಕಾಯುವುದು.

ಗೊತ್ತಾದ ಮೇಲೂ ಅಣ್ಣ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಪೊಲೀಸ್ ಭಯ. ಬೇರೆ ಅಪ್ಪ ಅಮ್ಮಂದಿರೂ ಹೀಗೇ ಸುಮ್ನೆ ಇರುತ್ತಾರೆ. ಮಾದಕ ವಸ್ತುಗಳ ಕೇಸು ಹಾಕುವ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಬಳಸಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸಾದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದು, ಅದನ್ನು ಪೂರ್ತಿ ಮಾಡಿದರೆ ಶಿಕ್ಷೆಯಿಂದ ಪಾರಾಗಲು ಅದು ದಾರಿ ಕೊಡುತ್ತದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಅಪರಾಧ ಅಲ್ಲವೇ ಅಲ್ಲ. ಎಲ್ಲಿಗೆ ಹೋಗುವುದು ಅಂತ ಗೊತ್ತಿಲ್ಲದಿದ್ದರೆ ಮೊದಲು ಫೋನ್ ಮಾಡಿ: ವ್ಯಸನಕ್ಕೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮನಸ್ 14416. ಎರಡೂ ಉಚಿತ. ಒಂದು ಎಚ್ಚರಿಕೆ. ದಿನವೂ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಹುಡುಗ ಚಿಕಿತ್ಸೆ ಮುಗಿಸಿ ಬಂದ. ಮೈ ತುಂಬಿಕೊಂಡಿತ್ತು, ನಗುತ್ತಿದ್ದ. ನಾನು ಖುಷಿಯಲ್ಲಿ ಅವನಿಗೆ ಹಳೇ ಕೆಲಸವನ್ನೇ ಕೊಟ್ಟೆ. ಅದೇ ಸೌದೆ, ಅದೇ ಬೆಂಕಿ, ಅದೇ ಶನಿವಾರ. ನಲವತ್ತು ದಿನಕ್ಕೆ ಮತ್ತೆ ಶುರುವಾಯಿತು. ಇದು ಅವನ ತಪ್ಪು ಅನ್ನುವವರಿಗೆ ಹೇಳುತ್ತೇನೆ, ಇದು ನನ್ನ ತಪ್ಪು.

ಆಮೇಲೆ ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರ ಬಗ್ಗೆ ಓದಿದೆ. 1971 ರಲ್ಲಿ ವಾಪಸಾದವರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಅಧ್ಯಯನ ಮಾಡಿದ್ದರು. ಸುಮಾರು ಐದರಲ್ಲಿ ಒಬ್ಬ ಸೈನಿಕ ಅಲ್ಲಿ ಹೆರಾಯಿನ್‌ನಂಥ ಮಾದಕ ವಸ್ತುಗಳಿಗೆ ದಾಸನಾಗಿದ್ದ. ಆದರೆ ಮನೆಗೆ ಬಂದ ಮೇಲೆ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಅಂಥವರಲ್ಲಿ 100 ಕ್ಕೆ ಸುಮಾರು 5 ಜನ ಮಾತ್ರ. ಯುದ್ಧ ಅಲ್ಲೇ ಉಳಿಯಿತು, ಆ ಜಾಗ, ಆ ಜೊತೆಗಾರರು ಅಲ್ಲೇ ಉಳಿದರು. ಅದು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹುಡುಗರಿಗೆ ಚಟ ಹಿಡಿದ ಜಾಗವೂ ಇದೇ, ವಾಪಸ್ ಬರುವ ಮನೆಯೂ ಇದೇ.

ಹಾಗಾಗಿ ಯಾಕೆ ಬಿದ್ದ ಅಂತ ಕೇಳುವವರು ಇದನ್ನೂ ಕೇಳಿ: ಬಿಟ್ಟು ಬಂದವನು ಎಲ್ಲಿಗೆ ಬರಬೇಕು? ಅವನಿಗೆ ಶನಿವಾರ ರಾತ್ರಿ ಇಲ್ಲದ ಕೆಲಸ ಯಾರು ಕೊಡುತ್ತಾರೆ? ಸಂಜೆ ಆರರ ಮೇಲೆ ಬಾರ್ ಬಿಟ್ಟು ಬೇರೆ ಎಲ್ಲಿ ಕೂರಬೇಕು? 1997 ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024 ರಲ್ಲಿ 360 ತಂಡಗಳು ನಾಪೋಕ್ಲುವಿನಲ್ಲಿ ಆಡಿದವು. ಮನಸ್ಸು ಮಾಡಿದರೆ ನಮಗೆ ಇಷ್ಟು ಜನ ಸೇರಿಸಲು ಬರುತ್ತದೆ. ಆದರೆ ಹಬ್ಬ ಮುಗಿದ ಮೇಲೆ, ಮಳೆಗಾಲದ ಒಂದು ಮಂಗಳವಾರ ಸಂಜೆ, ಎಲ್ಲಾ ಜಾತಿಯ, ತೋಟದ ಕೂಲಿಯವರ ಲೈನ್ ಮನೆಯ ಹುಡುಗರೂ ಬಂದು ಆಡಲು ಒಂದು ಸೂರು ಇರುವ ಜಾಗ ನಿಮ್ಮ ಊರಲ್ಲಿ ಇದೆಯಾ? ನಮ್ಮ ಊರಲ್ಲಿ ಇಲ್ಲ.

ಎರಡನೇ ಸಲ ಚಿಕಿತ್ಸೆ ಮುಗಿಸಿದವನು ಮನೆಗೆ ಬರುವ ಮೊದಲೇ ನನಗೆ ಫೋನ್ ಮಾಡಿದ. "ಅತ್ತೆ, ಕೆಲಸ ಬೇಕು. ಆದರೆ ಗೆಸ್ಟ್ ಹತ್ತಿರ ಬೇಡ" ಅಂದ. ಪರಿಚಯದವರ ನರ್ಸರಿಯಲ್ಲಿ ಸೇರಿಸಿದೆವು. ಕಾಫಿ ಸಸಿ, ಮೆಣಸಿನ ಬಳ್ಳಿ ಬೆಳೆಸುತ್ತಾರೆ. ಸಂಬಳ ಕಡಿಮೆ, ಟಿಪ್ಸ್ ಇಲ್ಲ. ಈಗ ನಮ್ಮಲ್ಲಿ ರೂಮು ಬುಕ್ ಮಾಡುವವರಿಗೆ ಫೋನಿನಲ್ಲೇ ಹೇಳುತ್ತೇನೆ, ನಮ್ಮ ಕೆಲಸದ ಹುಡುಗರ ಕೈಯಲ್ಲಿ ಏನನ್ನೂ ತರಿಸುವಂತಿಲ್ಲ ಅಂತ. ಕೆಲವರು ಬರುವುದೇ ಬೇಡ ಅಂದಿದ್ದಾರೆ. ಬರದಿರಲಿ.

ಮೊನ್ನೆ ಶನಿವಾರ ಅವನು ಮೆಣಸಿನ ಬಳ್ಳಿ ತಂದಿದ್ದ. ಮನೆ ಹಿಂದಿನ ಸಿಲ್ವರ್ ಮರಗಳ ಬುಡದಲ್ಲಿ ಮಳೆಯಲ್ಲೇ ನೆಟ್ಟ. ಊಟ ಮಾಡಿದ. ಕಾರುಗಳು ಬರುವ ಮೊದಲೇ ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದ. ಇನ್ನೂ ಆರು ಮರ ಬಾಕಿ ಇದೆ. ಮಂಗಳವಾರ ಬಂದು ಮುಗಿಸುತ್ತೇನೆ ಅಂದಿದ್ದಾನೆ.